ಬೆನ್ ಎವೆ ಗಿದಿಯೊರುಮ್: ಮೂರು ಪದದ ವಾಕ್ಯ ಹಿಡಿದು ಟರ್ಕಿಶ್ ಕಲಿತದ್ದು

ಕಂಪನಿ ಕೆಲಸದ ಮೇಲೆ ಇಸ್ತಾಂಬುಲ್‌ಗೆ ಹೋದಾಗ ಟರ್ಕಿಶ್ ಕಲಿಯುವ ಯೋಚನೆಯೇ ಇರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು. ಆದರೆ ಆಫೀಸು ಇದ್ದದ್ದು ಊರಿನ ಯುರೋಪ್ ದಡದಲ್ಲಿ, ಬಾಡಿಗೆಗೆ ಸಿಕ್ಕ ಮನೆ ಏಷ್ಯಾ ದಡದ ಕದಿಕೋಯ್‌ನಲ್ಲಿ. ನಡುವೆ ಬಾಸ್ಫರಸ್ ಜಲಸಂಧಿ. ಬೆಳಿಗ್ಗೆ ಹಡಗು ಹತ್ತಿ ಆಚೆ, ಸಂಜೆ ಹಡಗು ಹತ್ತಿ ಈಚೆ. ಆಫೀಸಿನ ಬಾಗಿಲು ದಾಟಿದ ಮೇಲೆ ಇಂಗ್ಲಿಷ್ ಯಾರಿಗೂ ಬೇಕಿರಲಿಲ್ಲ. ತರಕಾರಿಯವನಿಗೆ, ಬ್ರೆಡ್ ಅಂಗಡಿಯವನಿಗೆ, ಕೆಳಗಿನ ಮನೆಯ ಅಜ್ಜಿಗೆ, ಯಾರಿಗೂ. ಸುಮ್ನೆ ಕೈಸನ್ನೆ ಮಾಡಿಕೊಂಡು ಎಷ್ಟು ದಿನ ಇರೋದು ಅಂತ ಸಂಜೆ ಕ್ಲಾಸಿಗೆ ಸೇರಿಕೊಂಡೆ.

ಕ್ಲಾಸಿನಲ್ಲಿ ಒಬ್ಬ ಜರ್ಮನ್, ಒಬ್ಬಳು ಬ್ರೆಜಿಲ್‌ನವಳು, ಒಬ್ಬಳು ಜಪಾನಿನವಳು, ಇನ್ನೂ ಕೆಲವರು. ಪಾಠ ಹೇಳುವವರನ್ನು ಅಲ್ಲಿ 'ಹೊಜಾಮ್' ಅನ್ನುತ್ತಾರೆ. ಹೊಜಾ ಅಂದರೆ ಗುರು, ಕೊನೆಯ 'ಮ್' ಅಂದರೆ 'ನನ್ನ'. ನಮ್ಮ ಹೊಜಾಮ್ ಬೋರ್ಡಿನ ಮೇಲೆ ಬರೆದ ಮೊದಲ ಪೂರ್ತಿ ವಾಕ್ಯ ಇದು: ಬೆನ್ ಎವೆ ಗಿದಿಯೊರುಮ್. ನಾನು ಮನೆಗೆ ಹೋಗುತ್ತಿದ್ದೇನೆ.

ನಮ್ಮ ಪಠ್ಯಪುಸ್ತಕ ಇಂಗ್ಲಿಷ್ ಬಲ್ಲವರಿಗಾಗಿ ಬರೆದದ್ದು. ಕ್ರಿಯಾಪದ ಕೊನೆಗೆ ಬರುತ್ತದೆ, ಗಾಬರಿಯಾಗಬೇಡಿ ಅಂತ ಅದು ಒಂದು ಪುಟ ಸಮಾಧಾನ ಹೇಳುತ್ತದೆ. 'ಗೆ' ಅನ್ನೋದು ಬೇರೆ ಪದವಾಗಿ ಮುಂದೆ ಬರೋದಿಲ್ಲ, ನಾಮಪದದ ಬಾಲಕ್ಕೆ ಅಂಟುತ್ತದೆ ಅಂತ ಇನ್ನೊಂದು ಪುಟ. ಜರ್ಮನ್ ಹುಡುಗ ತಲೆ ಕೆರೆದುಕೊಳ್ಳುತ್ತಿದ್ದ. ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬೆನ್, ನಾನು. ಎವೆ, ಮನೆಗೆ. ಗಿದಿಯೊರುಮ್, ಹೋಗುತ್ತಿದ್ದೇನೆ. ಒಂದರ ಕೆಳಗೆ ಒಂದು ಸರಿಯಾಗಿ ಕೂತವು. ಪಕ್ಕಕ್ಕೆ ನೋಡಿದರೆ ಜಪಾನಿನವಳೂ ತನ್ನ ಲಿಪಿಯಲ್ಲಿ ಅದನ್ನೇ ಮಾಡುತ್ತಿದ್ದಳು. ಅವರ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ. ಇಬ್ಬರೂ ನಕ್ಕೆವು. ಆ ಪುಸ್ತಕದ ವಿವರಣೆಗಳನ್ನು ಓದೋದನ್ನು ನಾನು ಅವತ್ತೇ ಬಿಟ್ಟೆ. ಉದಾಹರಣೆಗಳನ್ನಷ್ಟೇ ಇಟ್ಟುಕೊಂಡು, ಪ್ರತಿಯೊಂದನ್ನೂ ನೇರವಾಗಿ ಕನ್ನಡದ ಪಕ್ಕ ಇಟ್ಟು ನೋಡತೊಡಗಿದೆ. ಕನ್ನಡಿಗರು ಟರ್ಕಿಶ್ ಕಲಿಯೋದಾದರೆ ಇಂಗ್ಲಿಷಿನ ಮೂಲಕ ಸುತ್ತಿ ಬರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಆ ಮೂರು ಪದಗಳನ್ನೇ ಬಿಚ್ಚಿ ತೋರಿಸುತ್ತೇನೆ.

ಎವ್ ಅಂದರೆ ಮನೆ. ಅದಕ್ಕೆ 'ಎ' ಸೇರಿದರೆ ಎವೆ, ಮನೆಗೆ. 'ದೆ' ಸೇರಿದರೆ ಎವ್‌ದೆ, ಮನೆಯಲ್ಲಿ. 'ದೆನ್' ಸೇರಿದರೆ ಎವ್‌ದೆನ್, ಮನೆಯಿಂದ. ಬಹುವಚನಕ್ಕೆ ಎವ್‌ಲೆರ್, ಮನೆಗಳು. ಮನೆಗಳಿಗೆ ಅನ್ನಲು ಎವ್‌ಲೆರೆ. ಮೊದಲು 'ಗಳು', ಆಮೇಲೆ ವಿಭಕ್ತಿ. ನಮ್ಮ ಕ್ರಮವೇ. ಹೈಸ್ಕೂಲಿನಲ್ಲಿ ಉ, ಅನ್ನು, ಇಂದ, ಗೆ ಅಂತ ರಾಗವಾಗಿ ಬಾಯಿಪಾಠ ಮಾಡಿದ್ದು ಯಾವ ಕಾಲಕ್ಕೆ ಉಪಯೋಗಕ್ಕೆ ಬರುತ್ತೋ ಅಂದುಕೊಂಡಿದ್ದೆವಲ್ಲ, ಅದು ಇಲ್ಲಿ ಬಂತು.

ಗಿದಿಯೊರುಮ್ ಇನ್ನೂ ಚೆಂದ. ಗಿತ್ ಅಂದರೆ ಹೋಗು. 'ಇಯೊರ್' ಅಂದರೆ ಆ ಕೆಲಸ ಈಗ ನಡೆಯುತ್ತಿದೆ ಅಂತ. 'ಉಮ್' ಅಂದರೆ ನಾನು. ಹೋಗು, ಉತ್ತಿದ್ದ್, ಏನೆ. ಕೆಲಸ ಮೊದಲು, ಕಾಲ ನಡುವೆ, ಮಾಡುವವರು ಕೊನೆಗೆ. ಪದದ ಹೊಟ್ಟೆಯೊಳಗಿನ ಸಾಲೂ ನಮ್ಮದೇ. 'ಇಯೊರ್' ಹಿಂದೊಮ್ಮೆ 'ನಡೆ' ಅನ್ನೋ ಅರ್ಥದ ಬೇರೆಯೇ ಕ್ರಿಯಾಪದವಾಗಿತ್ತು, ಬಳಸಿ ಬಳಸಿ ಪ್ರತ್ಯಯವಾಗಿ ಅಂಟಿಕೊಂಡಿದೆ. ನಮ್ಮ 'ಉತ್ತಿದ್ದ್' ಒಳಗೆ 'ಇರು' ಕೂತಿರುವ ಹಾಗೆ.

ಕೊನೆಯ ತುಂಡನ್ನು ಬದಲಿಸುತ್ತಾ ಹೋಗಬಹುದು. ಗಿದಿಯೊರ್‌ಸುನ್, ಹೋಗುತ್ತಿದ್ದೀಯ. ಗಿದಿಯೊರುಜ಼್, ಹೋಗುತ್ತಿದ್ದೇವೆ. ಗಿದಿಯೊರ್‌ಸುನುಜ಼್, ಹೋಗುತ್ತಿದ್ದೀರಿ. ಗಿದಿಯೊರ್‌ಲಾರ್, ಹೋಗುತ್ತಿದ್ದಾರೆ. ಕ್ರಿಯಾಪದದಲ್ಲೇ ಎಲ್ಲ ಹೇಳಿ ಮುಗಿಯೋದರಿಂದ ಮೊದಲಿನ 'ಬೆನ್' ಬೇಕಾಗಿಯೇ ಇಲ್ಲ. ಮಾತಿನಲ್ಲಿ ಬರೀ 'ಎವೆ ಗಿದಿಯೊರುಮ್' ಅನ್ನುತ್ತಾರೆ. 'ನಾನು' ಅಂತ ಒತ್ತಿ ಹೇಳಬೇಕಾದಾಗ ಮಾತ್ರ ಬೆನ್. ಇನ್ನು 'ಸೆನ್' ಅಂದರೆ ನೀನು, 'ಸಿಜ಼್' ಅಂದರೆ ನೀವು. ಒಬ್ಬರೇ ಇದ್ದರೂ ದೊಡ್ಡವರಿಗೆ, ಗುರುತಿಲ್ಲದವರಿಗೆ ಸಿಜ಼್ ಅನ್ನಬೇಕು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಯಾರಿಗೆ ಯಾವುದು ಅಂತ ಗೊಂದಲ. ನಮಗೇನು ಗೊಂದಲ ಅಲ್ವಾ?

ಈ ವಾಕ್ಯದಲ್ಲಿ ಒಂದು ಕಡೆ ಜರ್ಮನ್ ಹುಡುಗ ಕೈ ಎತ್ತಿದ. ಹೋಗು ಅನ್ನೋದಕ್ಕೆ ಗಿತ್ ಅಂದಿರಿ, ಇಲ್ಲಿ ಗಿದ್ ಯಾಕಾಯಿತು? ಹೊಜಾಮ್ ನಿಯಮ ಹೇಳಿದರು. ಪದದ ಕೊನೆಯಲ್ಲಿ ತ, ಪ, ಚ, ಕ ಇದ್ದು ಮುಂದೆ ಸ್ವರ ಬಂದರೆ ಅವು ಎಷ್ಟೋ ಪದಗಳಲ್ಲಿ ದ, ಬ, ಜ, ಮೆತ್ತನೆಯ ಗ ಆಗುತ್ತವೆ. ಕಿತಾಪ್ ಅಂದರೆ ಪುಸ್ತಕ, ನನ್ನ ಪುಸ್ತಕ ಅಂದರೆ ಕಿತಾಬಿಮ್. ನನಗೆ ಒಳಗೊಳಗೇ ನಗು. ಮಳೆ, ಕಾಲ, ಮಳೆಗಾಲ. ಬೆಟ್ಟ, ತಾವರೆ, ಬೆಟ್ಟದಾವರೆ. ಆದೇಶ ಸಂಧಿ! ಜಾಗ ಅದಲು ಬದಲು, ಅಷ್ಟೇ. ನಮ್ಮಲ್ಲಿ ಎರಡನೇ ಪದದ ಮೊದಲ ಅಕ್ಷರ ಮೆತ್ತಗಾಗುತ್ತದೆ, ಅಲ್ಲಿ ಮೊದಲ ಪದದ ಕೊನೆಯ ಅಕ್ಷರ.

ಅದಾದ ಮೇಲೆ ಇನ್ನೊಂದು ಸಂಧಿಯೂ ಸಿಕ್ಕಿತು. ಆರಾಬಾ ಅಂದರೆ ಕಾರು. ಕಾರಿಗೆ ಅನ್ನಲು ಕೊನೆಗೆ 'ಆ' ಸೇರಿಸಬೇಕು. ಎರಡು 'ಆ' ಒಟ್ಟಿಗೆ ಬಂದರೆ ಬಾಯಿ ತೊಡರುತ್ತದೆ. ಅದಕ್ಕೆ ನಡುವೆ ಒಂದು ಯಕಾರ ಬಂದು ಕೂರುತ್ತದೆ, ಆರಾಬಾಯಾ. ಮನೆ, ಅಲ್ಲಿ, ಮನೆಯಲ್ಲಿ. ಯಕಾರಾಗಮ ಸಂಧಿ ಅಂತ ಹೆಸರಿಟ್ಟು ಎರಡು ಅಂಕಕ್ಕೆ ಬರೆದದ್ದು ಇದನ್ನೇ. ಪುಸ್ತಕ ಇದನ್ನು ಎರಡು ಸ್ವರಗಳ ನಡುವಿನ ತಡೆ ಅಕ್ಷರ ಅಂತ ಚಿತ್ರ ಬರೆದು ವಿವರಿಸಿತ್ತು. ನಮಗೆ ಚಿತ್ರ ಬೇಡ.

ಕನ್ನಡ ಸಹಾಯಕ್ಕೆ ಬಾರದ್ದೆಂದರೆ ಸ್ವರಗಳ ಹೊಂದಾಣಿಕೆ. ಟರ್ಕಿಶ್ ವ್ಯಾಕರಣದ ಜೀವ ಇರೋದೇ ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಟರ್ಕಿಶ್‌ನಲ್ಲಿ ಎಂಟು ಸ್ವರ. ನಾಲ್ಕನ್ನು ಹೇಳುವಾಗ ನಾಲಿಗೆ ಮುಂದಕ್ಕೆ ಬರುತ್ತದೆ. ಎ, ಇ, ಮತ್ತು ಅವೆರಡನ್ನೇ ತುಟಿ ದುಂಡಗೆ ಮಾಡಿ ಹೇಳುವ ರೂಪಗಳು. ಉಳಿದ ನಾಲ್ಕನ್ನು ಹೇಳುವಾಗ ನಾಲಿಗೆ ಹಿಂದಕ್ಕೆ ಹೋಗುತ್ತದೆ. ಆ, ಒ, ಉ, ಮತ್ತು ಚುಕ್ಕೆಯಿಲ್ಲದ ಐ ಅಕ್ಷರದಿಂದ ಬರೆಯುವ ಇನ್ನೊಂದು, ಅದರ ಕಥೆ ಆಮೇಲೆ. ಪದದ ಕೊನೆಯ ಸ್ವರ ಯಾವ ಗುಂಪಿನದೋ, ಅಂಟುವ ಪ್ರತ್ಯಯವೂ ಅದೇ ಗುಂಪಿನದಾಗಬೇಕು. ಭಜನೆಯಲ್ಲಿ ಮುಂದಿನವರು ಎತ್ತಿದ ಶ್ರುತಿಗೇ ಹಿಂದಿನವರೂ ಸೇರಿಕೊಳ್ಳುವ ಹಾಗೆ. ಎವ್‌ನಲ್ಲಿ 'ಎ' ಇದೆ, ಅದಕ್ಕೆ ಎವೆ. ಒಕುಲ್ ಅಂದರೆ ಶಾಲೆ, ಅದರ ಕೊನೆಯ ಸ್ವರ 'ಉ', ಹಿಂದಿನ ಗುಂಪು. ಹಾಗಾಗಿ ಶಾಲೆಗೆ ಅನ್ನಲು ಒಕುಲೆ ಅಲ್ಲ, ಒಕುಲಾ. ಮನೆಗಳು ಎವ್‌ಲೆರ್, ಶಾಲೆಗಳು ಒಕುಲ್‌ಲಾರ್. ಮನೆಯಿಂದ ಎವ್‌ದೆನ್, ಶಾಲೆಯಿಂದ ಒಕುಲ್‌ದಾನ್.

ಕೆಲವು ಪ್ರತ್ಯಯಗಳಿಗೆ ಎರಡಲ್ಲ, ನಾಲ್ಕು ರೂಪ. ನಾನು ಭಾರತದವರು ಅನ್ನಲು ಹಿಂತ್ಲಿಯಿಮ್. ನಾನು ಡಾಕ್ಟರು ಅನ್ನಲು ದೊಕ್ತೊರುಮ್. ಎರಡರಲ್ಲೂ ಕೊನೆಗಿರೋದು 'ನಾನು'. ಒಂದು ಕಡೆ ಇಮ್, ಇನ್ನೊಂದು ಕಡೆ ಉಮ್. ನಮ್ಮ ಗಿದಿಯೊರುಮ್‌ನಲ್ಲಿ 'ಉಮ್' ಯಾಕೆ ಬಂತು? ಹಿಂದೆ 'ಯೊರ್' ಇದೆ, ಅದರಲ್ಲಿ 'ಒ' ಇದೆ. ಈ 'ಯೊರ್' ಮಾತ್ರ ಹಟಮಾರಿ. ಗಿದ್ ಅನ್ನೋದು ಮುಂದಿನ ಗುಂಪಿನದಾದರೂ ತನ್ನ 'ಒ' ಬಿಡೋದಿಲ್ಲ. ಯಾರಿಗೂ ಹೊಂದಿಕೊಳ್ಳದೆ, ತನ್ನ ಹಿಂದೆ ಬರುವವರನ್ನು ಮಾತ್ರ ಹೊಂದಿಸಿಕೊಳ್ಳುತ್ತದೆ.

ಪಟ್ಟಿ ಬರೆದು ಬಾಯಿಪಾಠ ಮಾಡೋದು ವ್ಯರ್ಥ. ಹೊಜಾಮ್ ಹೇಳಿಕೊಟ್ಟ ಉಪಾಯವೇ ಸರಿ: ಜೋರಾಗಿ ಹೇಳು, ನಾಲಿಗೆಗೆ ಯಾವುದು ಸಲೀಸೋ ಅದೇ ಸರಿ. 'ಒಕುಲೆ' ಅಂತ ಹೇಳಿ ನೋಡಿ. ಹಿಂದಿದ್ದ ನಾಲಿಗೆ ಕೊನೆಯಲ್ಲಿ ಮುಂದಕ್ಕೆ ಜಿಗಿಯಬೇಕು. 'ಒಕುಲಾ'ದಲ್ಲಿ ಜಿಗಿತ ಇಲ್ಲ. ಹಡಗಿನಲ್ಲಿ ಕೂತು ಕಣ್ಣಿಗೆ ಬಿದ್ದ ಬೋರ್ಡುಗಳಿಗೆಲ್ಲ 'ಗೆ' ಅಂಟಿಸುತ್ತಾ ಹೋಗುತ್ತಿದ್ದೆ. ಕದಿಕೋಯ್‌ಗೆ, ಇಸ್ತಾಂಬುಲ್‌ಗೆ, ಅಂಕಾರಾಕ್ಕೆ. ಕದಿಕೋಯೆ, ಇಸ್ತಾಂಬುಲಾ, ಅಂಕಾರಾಯಾ. ಊರು, ಜನರ ಹೆಸರಿಗೆ ಪ್ರತ್ಯಯ ಹಚ್ಚುವಾಗ ಬರವಣಿಗೆಯಲ್ಲಿ ನಡುವೆ ಒಂದು ಮೇಲ್‌ಚುಕ್ಕೆ ಇಡುತ್ತಾರೆ. ಹೆಸರು ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಕಲಿಯುವವರಿಗೆ ದೊಡ್ಡ ಉಪಕಾರ.

ಕ್ಲಾಸಿನಲ್ಲಿ ಇದರ ಬಗ್ಗೆ ಜಾಸ್ತಿ ಗೊಣಗಾಟ. 'ಗೆ' ಅನ್ನಲು ಎರಡೆರಡು ರೂಪ ಯಾಕೆ ಅಂತ. ನಾನು ಸುಮ್ಮನಿದ್ದೆ. ಮನೆಗೆ, ಊರಿಗೆ, ಮರಕ್ಕೆ, ಹುಡುಗನಿಗೆ. ಯಾರಾದರೂ ವಿದೇಶಿ ಬಂದು 'ಮರಗೆ' ಯಾಕಾಗಲ್ಲ ಅಂತ ಕೇಳಿದರೆ ತಕ್ಷಣ ಉತ್ತರ ಹೇಳೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ?

ಉಚ್ಚಾರಣೆಗೆ ಬರೋಣ. ಟರ್ಕಿಶ್ ಅನ್ನು ಮೊದಲು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಎಂಟು ಸ್ವರ ಇರುವ ಭಾಷೆಗೆ ಆ ಲಿಪಿಯಲ್ಲಿ ಸ್ವರಾಕ್ಷರ ಸಾಲದು. 1928ರ ನವೆಂಬರ್ 1ರಂದು, ಟರ್ಕಿಯ ಮೊದಲ ಅಧ್ಯಕ್ಷ ಅತಾತ್ಯುರ್ಕ್ ಕಾಲದಲ್ಲಿ, ಹೊಸ ಲ್ಯಾಟಿನ್ ಅಕ್ಷರಮಾಲೆಯ ಕಾನೂನು ಬಂತು. ಒಟ್ಟು 29 ಅಕ್ಷರ. ಬರೆದ ಹಾಗೇ ಓದೋದು, ಓದಿದ ಹಾಗೇ ಬರೆಯೋದು, ಸುಮಾರಾಗಿ ಕನ್ನಡದಂತೆಯೇ. ಆದರೆ ಇಂಗ್ಲಿಷಿನ ಅಭ್ಯಾಸ ಇಲ್ಲಿ ಕಾಟ ಕೊಡುತ್ತದೆ. ಇಂಗ್ಲಿಷಿನ ಸಿ ಅಕ್ಷರಕ್ಕೆ ಇಲ್ಲಿ 'ಜ' ದನಿ. ಅದಕ್ಕೆ ಬಾಲ ಇದ್ದರೆ 'ಚ'. ಎಸ್‌ಗೆ ಬಾಲ ಇದ್ದರೆ 'ಶ'. ಇಂಗ್ಲಿಷಿನ ಟಿ, ಡಿ ನೋಡಿದ ಕೂಡಲೇ ನಮ್ಮ ನಾಲಿಗೆ ಟ, ಡ ಅಂತ ಮಡಚಿಕೊಳ್ಳುತ್ತದೆ. ಟರ್ಕಿಶ್‌ನವು ನಮ್ಮ ತ, ದ. ಬಸ್ಸಿಗೆ ಒತೊಬ್ಯುಸ್, ಟ್ಯಾಕ್ಸಿಗೆ ತಾಕ್ಸಿ. ಗಿಡಿಯೊರುಮ್ ಅಂದರೆ ಅರ್ಥವಾಗುತ್ತದೆ, ಆದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ.

ಜಿ ಅಕ್ಷರದ ಮೇಲೆ ಟೋಪಿ ಇಟ್ಟ ಹಾಗೆ ಇನ್ನೊಂದು ಇದೆ. ಅದಕ್ಕೆ ಸ್ವಂತ ದನಿಯೇ ಇಲ್ಲ. ಹಿಂದಿನ ಸ್ವರವನ್ನು ಸ್ವಲ್ಪ ಎಳೆಯೋದು ಮಾತ್ರ ಅದರ ಕೆಲಸ. ನಮ್ಮ ಪತ್ರಿಕೆಗಳು ಎರ್ಡೊಗನ್ ಅಂತ ಬರೆಯುವ ಹೆಸರನ್ನು ಅಲ್ಲಿ ಎರ್ದೊಆನ್ ಅನ್ನುತ್ತಾರೆ. ಇಂಗ್ಲಿಷಿಗೆ ಯೋಗರ್ಟ್ ಅನ್ನೋ ಪದ ಹೋದದ್ದು ಟರ್ಕಿಶ್‌ನಿಂದ. ಅಂಗಡಿಯಲ್ಲಿ ಅದನ್ನೇ ಯೊಉರ್ತ್ ಅನ್ನಬೇಕು, ಗಕಾರ ನುಂಗಿ.

ತುಟಿ ದುಂಡಗಾಗಿಸುವ ಎರಡು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರ ಇಲ್ಲ. ಆದರೆ ಮಾಡೋದು ಕಷ್ಟವಲ್ಲ. 'ಇ' ಅಂತ ಹೇಳುತ್ತಾ ಇರಿ, ನಾಲಿಗೆ ಅಲ್ಲಾಡಿಸಬೇಡಿ, ತುಟಿ ಮಾತ್ರ ಸೀಟಿ ಹೊಡೆಯುವ ಹಾಗೆ ಮುಂದೆ ತನ್ನಿ. ಒಂದು ಸಿಕ್ಕಿತು. 'ಎ' ಅಂತ ಹೇಳುತ್ತಾ ಹಾಗೇ ಮಾಡಿ, ಇನ್ನೊಂದೂ ಸಿಕ್ಕಿತು. ಇಲ್ಲಿ ನಾನು ಯು, ಯೊ ಅಂತ ಬರೆದಿರೋದು ಬೇರೆ ದಾರಿ ಇಲ್ಲದ್ದಕ್ಕೆ.

ಚುಕ್ಕೆಯಿಲ್ಲದ ಸ್ವರದ ಕಥೆ ಬೇರೆ. ಇಂಗ್ಲಿಷಿನ ಐ ಅಕ್ಷರ ಇಲ್ಲಿ ಎರಡು. ಚುಕ್ಕೆ ಇದ್ದರೆ ನಮ್ಮ 'ಇ'. ಚುಕ್ಕೆ ಇಲ್ಲದಿದ್ದರೆ ಬೇರೆಯೇ ದನಿ. 'ಉ' ಅನ್ನಲು ಹೊರಟು, ತುಟಿಯನ್ನು ದುಂಡಗೆ ಮಾಡದೆ ಅಗಲವಾಗಿಯೇ ಬಿಟ್ಟರೆ ಬರುವ ಸ್ವರ. ಕದಿಕೋಯ್‌ನ 'ದಿ'ಯಲ್ಲಿರೋದು ಅದೇ. ಬಾಗಿಲು ಅನ್ನೋ ಅರ್ಥದ 'ಕಾಪಿ'ಯಲ್ಲೂ ಅದೇ. ಕ್ಲಾಸಿನಲ್ಲಿ ಎಲ್ಲರಿಗೂ ಇದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬಂಟ್ವಾಳದ ನನ್ನ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಈ ಪದ ಹೇಳಿ ಕಳಿಸಿದೆ. ಅವನು ಒಂದೇ ಸಲಕ್ಕೆ ಸರಿಯಾಗಿ ತಿರುಗಿ ಹೇಳಿದ. "ಎಂಥ ಮಾರಾಯ, ಇದು ನಮ್ಮ ರಡ್ಡ್, ನಾಲ್ ಹೇಳುವಾಗ ಕೊನೆಗೆ ಬರುವುದೇ ಅಲ್ವಾ?" ತುಳುವಿನಲ್ಲಿ ಎರಡು, ನಾಲ್ಕು ಅನ್ನುವ ಆ ಪದಗಳ ಕೊನೆಯಲ್ಲಿ ಅರ್ಧ 'ಉ' ಇದೆ. ಕನ್ನಡ ಲಿಪಿಯಲ್ಲಿ ಬರೆದರೆ ಬರೀ ವ್ಯಂಜನದಂತೆ ಕಾಣುತ್ತದೆ, ಬಾಯಲ್ಲಿ ಸ್ವರ ಇರುತ್ತದೆ. ಕೊಡವ ಭಾಷೆಯವರಿಗೂ ಇದು ಹೊಸದಲ್ಲ. ಅವತ್ತಿನಿಂದ ಆ ಸ್ವರಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ತುಳು ಉ ಅಂತಲೇ ಹೆಸರು. ಮೊಬೈಲಿನಲ್ಲಿ ಟೈಪ್ ಮಾಡುವಾಗ ಚುಕ್ಕೆಯ ಬಗ್ಗೆ ಎಚ್ಚರ ಇರಲಿ. 'ಬೇಜಾರಾಯಿತು' ಅನ್ನೋ ಪಾಪದ ಪದಕ್ಕೆ ಚುಕ್ಕೆ ಬಿದ್ದರೆ ಮನೆಯಲ್ಲಿ ಹೇಳಬಾರದ ಪದ ಆಗುತ್ತದೆ.

ಬೆನ್ ಅನ್ನೋದರ 'ಎ' ಕೂಡ ಪೂರ್ತಿ ನಮ್ಮ 'ಎ' ಅಲ್ಲ. 'ಬೇಡ' ಅನ್ನೋದನ್ನು ಮಾತಿನಲ್ಲಿ 'ಬ್ಯಾಡ' ಅನ್ನುತ್ತೇವಲ್ಲ, ಆ ಕಡೆಗೆ ಸ್ವಲ್ಪ ವಾಲುತ್ತದೆ, ಉದ್ದ ಮಾತ್ರ ಮಾಡಬಾರದು. ಇನ್ನು ಒತ್ತು. ಕನ್ನಡದಲ್ಲಿ ನಾವು ಒತ್ತಿಗೆ ತಲೆ ಕೆಡಿಸಿಕೊಳ್ಳೋದಿಲ್ಲ. ಟರ್ಕಿಶ್‌ನಲ್ಲಿ ಸಾಮಾನ್ಯವಾಗಿ ಕೊನೆಗೆ ಒತ್ತು, ಎವೆಯಲ್ಲಿ 'ವೆ' ಮೇಲೆ. ಗಿದಿಯೊರುಮ್‌ನಲ್ಲಿ ಮಾತ್ರ 'ದಿ' ಮೇಲೆ. ಊರಿನ ಹೆಸರುಗಳಲ್ಲಿ ಕೊನೆಗೆ ಬರೋದಿಲ್ಲ, ಅಂಕಾರಾದಲ್ಲಿ 'ಅಂ' ಮೇಲೆ. ಇಷ್ಟೆಲ್ಲ ಕಲಿತು ಬೀದಿಗೆ ಬಂದರೆ ಜನ ಗಿದಿಯೊರ್ ಅನ್ನೋದನ್ನು ರಕಾರ ನುಂಗಿ 'ಗಿದಿಯೊ' ಅನ್ನುತ್ತಾರೆ. 'ಬಿರ್ ದಾಕಿಕಾ' ಅಂದರೆ ಒಂದು ನಿಮಿಷ, ಕೇಳಿಸೋದು 'ಬಿ ದಾಕ್ಕಾ'. ನಾವೇನು ಹೋಗುತ್ತಿದ್ದೇನೆ ಅಂತ ಪೂರ್ತಿ ಹೇಳುತ್ತೇವಾ? ಹೋಗ್ತಿದ್ದೀನಿ, ಹೊಂಟೀನಿ.

ಮೂರು ಪದದ ವಾಕ್ಯವನ್ನು ಹೊಜಾಮ್ ನಿಧಾನಕ್ಕೆ ಉದ್ದ ಮಾಡಿಸಿದರು. ಹೆರ್ ಸಾಬಾಹ್ ಎವ್‌ದೆನ್ ಇಶೆ ವಾಪುರ್‌ಲಾ ಗಿದಿಯೊರುಮ್. ಪ್ರತಿ ಬೆಳಿಗ್ಗೆ ಮನೆಯಿಂದ ಕೆಲಸಕ್ಕೆ ಹಡಗಿನಲ್ಲಿ ಹೋಗುತ್ತೇನೆ. ಮತ್ತೆ ಪದಕ್ಕೆ ಪದ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ನಮಗೆ 'ಇಂದ' ಒಂದೇ. ಮನೆಯಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ. ಶಾಲೆಯಲ್ಲಿ ತೃತೀಯಾಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಅಂತ ಕಲಿಸಿದರು. ದೆಸೆಯಿಂದ ಅಂತ ಮಾತಾಡಿದವರನ್ನು ನಾನಂತೂ ನೋಡಿಲ್ಲ. ಟರ್ಕಿಶ್‌ನಲ್ಲಿ ಅವು ನಿಜವಾಗಿಯೂ ಬೇರೆ. ಜಾಗದಿಂದ ಬಂದರೆ 'ದೆನ್', ಸಾಧನದಿಂದ ಮಾಡಿದರೆ 'ಲೆ' ಅಥವಾ 'ಲಾ'. ಹಡಗು, ಬಸ್ಸು, ಚಾಕು ಎಲ್ಲ 'ಲೆ' ಲೆಕ್ಕಕ್ಕೆ. ಆ ದೆಸೆಯಿಂದ ಮೇಷ್ಟ್ರ ಮೇಲೆ ಹೊಸ ಗೌರವ ಬಂತು ಅನ್ನಿ.

ದ್ವಿತೀಯಾ ವಿಭಕ್ತಿ ಇನ್ನೂ ಹತ್ತಿರ. ಕಿತಾಪ್ ಒಕುಯೊರುಮ್, ಪುಸ್ತಕ ಓದ್ತಿದ್ದೀನಿ, ಯಾವುದೋ ಒಂದು. ಕಿತಾಬಿ ಒಕುಯೊರುಮ್, ಪುಸ್ತಕವನ್ನು ಓದುತ್ತಿದ್ದೇನೆ, ನೀವು ಹೇಳಿದ ಅದೇ ಪುಸ್ತಕ. 'ಅನ್ನು' ಹಾಕಿದಾಗ ಗೊತ್ತಿರುವ ವಸ್ತು, ಬಿಟ್ಟಾಗ ಸುಮ್ನೆ ವಸ್ತು. ನಮ್ಮಲ್ಲಿ ಇದು ಅಷ್ಟು ಕಟ್ಟುನಿಟ್ಟಲ್ಲ, ಅಲ್ಲಿ ಕಟ್ಟುನಿಟ್ಟು.

ಪ್ರಶ್ನೆ ಕೇಳೋದು ಬಹಳ ಸುಲಭ. ನಾವು 'ಆ' ಎಳೆಯುತ್ತೇವೆ, ಅವರು 'ಮಿ' ಇಡುತ್ತಾರೆ, ಯೊರ್ ಆದ ಮೇಲೆ ಸ್ವರ ಹೊಂದಿಕೊಂಡು ಅದು 'ಮು'. ಎವೆ ಗಿದಿಯೊರ್ ಮುಸುನ್, ಮನೆಗೆ ಹೋಗ್ತಿದ್ದೀಯಾ? ಅದೇ 'ಮಿ'ಯನ್ನು ಮನೆಯ ಹತ್ತಿರ ಇಟ್ಟರೆ, ಎವೆ ಮಿ ಗಿದಿಯೊರ್‌ಸುನ್, ಮನೆಗಾ ಹೋಗ್ತಿರೋದು? ನೀನು ಅನ್ನೋದರ ಹತ್ತಿರ ಇಟ್ಟರೆ, ಸೆನ್ ಮಿ, ನೀನಾ? ಅನುಮಾನ ಯಾವ ಪದದ ಮೇಲೋ ಬಾಲ ಅದಕ್ಕೆ. ಇಂಗ್ಲಿಷಿನಲ್ಲಿ ಇದನ್ನು ದನಿ ಏರಿಸಿ ತೋರಿಸಬೇಕು.

ನಿಷೇಧದಲ್ಲಿ ದಾರಿ ಬೇರೆಯಾಗುತ್ತದೆ. ಗಿತ್‌ಮಿಯೊರುಮ್, ಹೋಗುತ್ತಿಲ್ಲ. ನಾವು 'ಇಲ್ಲ' ಅಂದ ಕೂಡಲೇ ನಾನು, ನೀನು, ಅವನು ಎಲ್ಲ ಒಂದೇ ಆಗುತ್ತಾರೆ. ಟರ್ಕಿಶ್‌ನಲ್ಲಿ ಕೊನೆಗೆ 'ಉಮ್' ಉಳಿಯುತ್ತದೆ. ಹೋಗದವರು ಯಾರು ಅಂತಲೂ ಹೇಳಲೇಬೇಕು. ನಮ್ಮ ಹಳೆಯ 'ಒಲ್ಲೆ', 'ಅರಿಯೆ', 'ಬಾರೆ' ಇದೇ ಜಾತಿಯವು. ಒಲ್ಲೆ ಅಂದರೆ ನಾನೇ ಒಲ್ಲದವರು.

ಕೆಳಗಿನ ಮನೆಯ ಅಜ್ಜಿಯನ್ನು ನಾವೆಲ್ಲ ತೆಯ್‌ಜ಼ೆ ಅನ್ನುತ್ತಿದ್ದೆವು. ತೆಯ್‌ಜ಼ೆ ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ತಂದೆಯ ಕಡೆಯವರಾದರೆ ಹಾಲಾ. ತಾಯಿಯ ಅಣ್ಣತಮ್ಮಂದಿರು ದಾಯಿ, ತಂದೆಯ ಅಣ್ಣತಮ್ಮಂದಿರು ಆಮ್‌ಜಾ. ಇಂಗ್ಲಿಷಿನ ಹಾಗೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕೋದಿಲ್ಲ. ಅಂಗಡಿಯವನಿಗೆ ಆಬಿ, ಅಣ್ಣ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಆಬ್ಲಾ, ಅಕ್ಕ. ಬೆಳಿಗ್ಗೆ ನಾನು ಮೆಟ್ಟಿಲಿಳಿಯುವ ಸದ್ದಿಗೇ ತೆಯ್‌ಜ಼ೆ ಬಾಗಿಲು ತೆರೆದು ಕೇಳುತ್ತಿದ್ದರು. "ನೆರೆಯೆ ಗಿದಿಯೊರ್‌ಸುನ್, ಎವ್ಲಾದಿಮ್?" ಎಲ್ಲಿಗೆ ಹೋಗ್ತಿದ್ದೀಯ, ಮಗು? ಹೊರಟವರನ್ನು ಹೀಗೆ ಕೇಳಿದರೆ ನಮ್ಮ ಮನೆಯಲ್ಲಿ ಬೈಸಿಕೊಳ್ಳಬೇಕು, 'ದೂರ ಹೊರಟ್ಯಾ' ಅನ್ನಬೇಕು. ಅಲ್ಲಿ ಆ ಶಾಸ್ತ್ರ ಇಲ್ಲ.

'ಅಂತೆ'ಯನ್ನು ನಾನು ಕಲಿತದ್ದು ತೆಯ್‌ಜ಼ೆಯಿಂದಲೇ. ಟರ್ಕಿಶ್‌ನಲ್ಲಿ ಭೂತಕಾಲ ಎರಡು. ಗಿತ್ತಿ ಅಂದರೆ ಹೋದ, ನಾನು ಕಣ್ಣಾರೆ ಕಂಡೆ ಅಥವಾ ಖಾತ್ರಿ ಇದೆ. ಗಿತ್‌ಮಿಶ್ ಅಂದರೆ ಹೋದನಂತೆ. ಕ್ಲಾಸಿನಲ್ಲಿ ಇದಕ್ಕೆ ಎರಡು ಇಡೀ ಪಾಠ ಹಿಡಿಯಿತು. ನೀನು ನೋಡಿಲ್ಲ, ಯಾರೋ ಹೇಳಿದ್ದು, ಅದಕ್ಕೆ ನೀನು ಜವಾಬ್ದಾರಿ ಅಲ್ಲ ಅಂತ ಹೊಜಾಮ್ ಕೈ ಬಾಯಿ ಎಲ್ಲ ಬಳಸಿ ವಿವರಿಸಿದರು. ಅಕ್ಕಪಕ್ಕದ ಮನೆಗಳ ಸುದ್ದಿ ಹೇಳುವ ತೆಯ್‌ಜ಼ೆಯ ಮಾತಿನಲ್ಲಿ ಪ್ರತಿ ವಾಕ್ಯದ ಕೊನೆಗೂ ಮಿಶ್, ಮುಶ್. ಮೇಲಿನ ಮನೆಯವರು ಕಾರು ತಗೊಂಡರಂತೆ, ಬ್ಯಾಂಕಿನವರು ಸಾಲ ಕೊಟ್ಟರಂತೆ. ಕೇಳುತ್ತಿದ್ದರೆ ನಮ್ಮೂರ ಜಗುಲಿ. ಅಲ್ಲಿ ಮಕ್ಕಳ ಕಥೆ ಶುರುವಾಗೋದೂ ಹೀಗೇ: ಬಿರ್ ವಾರ್‌ಮಿಶ್, ಬಿರ್ ಯೊಕ್‌ಮುಶ್. ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ನಮ್ಮಜ್ಜಿಯೂ 'ಒಂದೂರಲ್ಲಿ ಒಬ್ಬ ರಾಜ ಇದ್ನಂತೆ' ಅಂತಲೇ ಶುರು ಮಾಡುತ್ತಿದ್ದರು.

ಆದರೆ ಮಿಶ್‌ನ ಹರವು ಅಂತೆಗಿಂತ ದೊಡ್ಡದು. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ರಸ್ತೆ ಒದ್ದೆಯಾಗಿದೆ. ಯಾರೂ ಏನೂ ಹೇಳಿಲ್ಲ. ಆಗಲೂ ಅವರು ಯಾಮುರ್ ಯಾಮಿಶ್ ಅನ್ನುತ್ತಾರೆ. ನಾವು 'ಮಳೆ ಬಂತಂತೆ' ಅನ್ನೋಕಾಗಲ್ಲ, 'ಮಳೆ ಬಂದ ಹಾಗಿದೆ' ಅನ್ನಬೇಕು. ಕೇಳಿದ್ದು, ಊಹಿಸಿದ್ದು, ಈಗಷ್ಟೇ ಗೊತ್ತಾಗಿ ಅಚ್ಚರಿಯಾದದ್ದು, ಮೂರಕ್ಕೂ ಅದೊಂದೇ.

ತೆಯ್‌ಜ಼ೆಯ ಸುದ್ದಿಗಳಲ್ಲಿ ನನಗೆ ನಿಜವಾದ ತಲೆಬಿಸಿ ತಂದದ್ದು 'ಒ'. ಅವನು, ಅವಳು, ಅದು, ಎಲ್ಲಕ್ಕೂ ಒಂದೇ ಪದ, ಒ. ಕ್ರಿಯಾಪದದಲ್ಲೂ ಸುಳಿವಿಲ್ಲ. ಒ ಗಿದಿಯೊರ್ ಅಂದರೆ ಅವನು ಹೋಗುತ್ತಿದ್ದಾನೆ, ಅವಳು ಹೋಗುತ್ತಿದ್ದಾಳೆ, ಅದು ಹೋಗುತ್ತಿದೆ. ಅಂಕಾರಾದಲ್ಲಿದ್ದ ಅವರ ಯಾರೋ ನೆಂಟರ ಬಗ್ಗೆ ಚಹಾ ಮುಗಿಯುವವರೆಗೂ ಕೇಳಿದ್ದೇನೆ. ಗಂಡೋ ಹೆಣ್ಣೋ ಕೊನೆವರೆಗೂ ತಿಳಿಯಲಿಲ್ಲ. ಅದನ್ನು ಕನ್ನಡದಲ್ಲಿ ಮನೆಯವರಿಗೆ ಹೇಳುವಾಗ 'ಅವರು' ಅಂತ ಮರ್ಯಾದೆ ಕೊಟ್ಟು ಪಾರಾದೆ.

ಕನ್ನಡ ದಾರಿ ತಪ್ಪಿಸುವ ಇನ್ನೊಂದು ಜಾಗ ಇದೆ. ನನಗೆ ಗೊತ್ತು, ನನಗೆ ಹಸಿವು, ನನಗೆ ಇಷ್ಟ ಅಂತ ನಾವು ಎಲ್ಲದಕ್ಕೂ 'ನನಗೆ' ಬಳಸುತ್ತೇವೆ. ಟರ್ಕಿಶ್‌ನಲ್ಲಿ ತಿಳಿಯೋದನ್ನು ನಾನೇ ಮಾಡಬೇಕು. ತ್ಯುರ್ಕ್‌ಚೆ ಬಿಲಿಯೊರುಮ್, ಟರ್ಕಿಶ್ ಬಲ್ಲೆ. 'ಬಲ್ಲೆ' ನೆನಪಿಟ್ಟುಕೊಂಡರೆ ಸಾಕು, 'ಗೊತ್ತು' ಮರೆತುಬಿಡಿ. ನಾಯಿಗೆ ಹೆದರುತ್ತೇನೆ ಅನ್ನೋದನ್ನು ಅವರು ನಾಯಿಯಿಂದ ಹೆದರುತ್ತೇನೆ ಅನ್ನುತ್ತಾರೆ. ಇಂಥವನ್ನು ಒಂದೊಂದಾಗಿ ಕಲಿಯಬೇಕು, ಬೇರೆ ಉಪಾಯ ಇಲ್ಲ.

ಆದರೂ ಹೋಲಿಕೆ ಎಷ್ಟಿದೆ ಅಂದರೆ ಎರಡೂ ಅಕ್ಕತಂಗಿ ಭಾಷೆಗಳಾ ಅಂತ ಅನುಮಾನ ಬರುತ್ತದೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್‌ಗೂ ಬಂದಿತ್ತು. ಟರ್ಕಿಶ್, ಫಿನ್ನಿಶ್‌ನಂಥ ಭಾಷೆಗಳ ಕಡೆಗೆ ಅವರು ಬೆರಳು ತೋರಿಸಿದ್ದರು. ಇವತ್ತಿನ ಭಾಷಾ ವಿದ್ವಾಂಸರು ಆ ನೆಂಟಸ್ತಿಕೆಯನ್ನು ಒಪ್ಪೋದಿಲ್ಲ. ಕಟ್ಟೋ ರೀತಿ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ. ಸರಿಯೇ. ಎವ್‌ಗೂ ಮನೆಗೂ ಏನು ಸಂಬಂಧ? ಕಿವಿಗೆ ಗುರುತಾಗುವ ಪದಗಳು ಬೇರೆ ದಾರಿಯಿಂದ ಬಂದವು. ಜೆವಾಪ್, ತಾರಿಹ್, ಕಾನುನ್, ಹಾಜ಼ಿರ್. ನಮ್ಮ ಜವಾಬು, ತಾರೀಖು, ಕಾನೂನು, ಹಾಜರು. ಅರಬ್ಬಿ ಪದಗಳು ಅವರಿಗೂ ಬಂದವು, ಪಾರ್ಸಿ ಉರ್ದು ಮೂಲಕ ನಮಗೂ ಬಂದವು. ಇವುಗಳಿಗಿಂತ ನನಗೆ ಖುಷಿ ಕೊಟ್ಟದ್ದು 'ಕಿತಾಪ್ ಮಿತಾಪ್'. ಪುಸ್ತಕ ಗಿಸ್ತಕ! ಚಾಯ್ ಮಾಯ್, ಚಾ ಗೀ. ನಾವು 'ಗಿ' ಹಚ್ಚುವಲ್ಲಿ ಅವರು 'ಮ' ಹಚ್ಚುತ್ತಾರೆ. ಇದನ್ನು ಯಾವ ಪುಸ್ತಕವೂ ಮೊದಲ ವರ್ಷ ಹೇಳಿಕೊಡೋದಿಲ್ಲ, ಮಾರ್ಕೆಟ್ಟಿನಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ.

ಕೋರ್ಸಿನ ಕೊನೆಯ ಹೊತ್ತಿಗೆ ನಮ್ಮ ವಾಕ್ಯ ಹೀಗೆ ಬೆಳೆದಿತ್ತು. ದ್ಯುನ್ ಗ್ಯೊರ್‌ದ್ಯೂನ್ ಆದಾಮಿನ್ ಎವಿನೆ ಗಿದಿಯೊರುಮ್. ನಿನ್ನೆ ನೀನು ನೋಡಿದ ಮನುಷ್ಯನ ಮನೆಗೆ ಹೋಗುತ್ತಿದ್ದೇನೆ. ಜರ್ಮನ್ ಹುಡುಗ ಇಂಥವನ್ನು ಕೊನೆಯ ಪದದಿಂದ ಶುರು ಮಾಡಿ ಹಿಂದಕ್ಕೆ ಬಿಡಿಸುತ್ತಿದ್ದ. ಜಪಾನಿನವಳೂ ನಾನೂ ಎಡದಿಂದ ಬಲಕ್ಕೆ ನೇರವಾಗಿ ಓದುತ್ತಿದ್ದೆವು. ನಮ್ಮ 'ನೋಡಿದ'ದಲ್ಲಿ ನೋಡಿದವರು ಯಾರು ಅಂತ ಇಲ್ಲ, ಅದಕ್ಕೆ 'ನೀನು' ಬೇಕು. ಅವರ ಗ್ಯೊರ್‌ದ್ಯೂನ್ ಕೊನೆಯಲ್ಲೇ 'ನೀನು' ಇದೆ. ಇನ್ನೊಂದು ವ್ಯತ್ಯಾಸ ಎವಿನೆಯಲ್ಲಿ. ಮನುಷ್ಯನ ಅಂತ ಒಮ್ಮೆ ಹೇಳಿದ್ದು ಸಾಲದು, ಮನೆಗೂ 'ಅವನದು' ಅಂತ ಗುರುತು ಹಾಕಬೇಕು. ಎವ್, ಎವಿ, ಎವಿನೆ. ಮನೆ, ಅವನ ಮನೆ, ಅವನ ಮನೆಗೆ. ಸರಿ, ಆದರೆ ನಿನ್ನ ಮನೆ ಎವಿನ್, ಅದಕ್ಕೆ 'ಎ' ಸೇರಿಸಿದರೂ ಎವಿನೆ! ಹಾಗಾದರೆ ಬರೀ 'ಎವಿನೆ ಗಿದಿಯೊರುಮ್' ಅಂದರೆ ನಿನ್ನ ಮನೆಗೋ ಅವನ ಮನೆಗೋ? ಹೊಜಾಮ್‌ರನ್ನು ಕೇಳಿದೆ. ಎರಡೂ ಹೌದು ಅಂದರು. ಅನುಮಾನ ಬಂದರೆ ಮುಂದೆ 'ಸೆನಿನ್' ಅಥವಾ 'ಒನುನ್' ಹಾಕಬೇಕು, ನಿನ್ನ, ಅವನ. ಇಲ್ಲದಿದ್ದರೆ ಮಾತಿನ ಸಂದರ್ಭ ನೋಡಿಕೊಂಡು ಯಾರ ಮನೆ ಅಂತ ತಿಳಿದುಕೊಳ್ಳಬೇಕು.